ಹಿತ್ತಲ ಗಿಡಕ್ಕೆ ಬೆಲೆ ಯಾಕಿಲ್ಲ?

ಮಾನ್ಯರೇ,

ಡಲ್ಲಾಸ್ ಬಳಿ ನೆಲೆಸಿರುವ ನಿಮ್ಮ ತಂಗಿಯ ಮಗ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ, ಈಗ ಕಾಲೇಜು ತಂಡಗಳ ಕೋಚ್‌ಗಳು ಮನೆಗೆ ಫೋನ್ ಮಾಡತೊಡಗಿದ್ದಾರೆ ಎಂದು ಬರೆದಿದ್ದೀರಿ. ‘ಹೊಸದಾಗಿ ಸೇರುವ ಹುಡುಗನಿಗಿಂತ, ಇನ್ನೊಂದು ಕಾಲೇಜು ಬಿಟ್ಟು ಬಂದವನಿಗೆ ಎಷ್ಟೋ ಹೆಚ್ಚು ಹಣ ಕೊಡುತ್ತಾರಂತೆ. ಒಂದೇ ಕಡೆ ನಿಯತ್ತಾಗಿ ಉಳಿದವನ ಗತಿಯೇನು? ಇದೂ ಐಪಿಎಲ್ ಹರಾಜಿನ ಹಾಗೆಯೇ?’ ಎಂಬುದು ನಿಮ್ಮ ಪ್ರಶ್ನೆ.

ಹರಾಜಿನ ಮಾತನ್ನು ಮೊದಲು ಮುಗಿಸುತ್ತೇನೆ. ಐಪಿಎಲ್‌ನಲ್ಲಿ ಸುತ್ತಿಗೆ ಬೀಳುವುದು ಎಲ್ಲರ ಕಣ್ಣೆದುರಿಗೆ. ಯಾರು ಎಷ್ಟಕ್ಕೆ ಹೋದರು ಎಂಬುದು ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲೂ ಗೊತ್ತಿರುತ್ತದೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಹರಾಜೇ ಇಲ್ಲ. ಪ್ರತಿ ಹುಡುಗನ ಜೊತೆಗೂ ಪ್ರತ್ಯೇಕ ಮಾತುಕತೆ, ಪ್ರತ್ಯೇಕ ಕರಾರು. ಆಟಗಾರರೆಲ್ಲರ ಪರವಾಗಿ ಕೂತು ಚೌಕಾಸಿ ಮಾಡುವ ಸಂಘವೂ ಇಲ್ಲ. ಪಕ್ಕದಲ್ಲಿ ಕೂತು ಬೂಟು ಕಟ್ಟಿಕೊಳ್ಳುವವನಿಗೆ ಎಷ್ಟು ಸಿಗುತ್ತಿದೆ ಎಂದು ಹುಡುಗನಿಗೆ ಖಚಿತವಾಗಿ ತಿಳಿಯುವುದಿಲ್ಲ. ನಾವು ಓದುವ ಅಂಕಿಗಳಲ್ಲಿ ಬಹುಪಾಲು ಪತ್ರಕರ್ತರು ಮೂಲಗಳಿಂದ ಕಲೆಹಾಕಿದವು.

ಹಣ ಕೊಡುವುದೇ ಅಪರಾಧವಾಗಿದ್ದ ಕಾಲವೂ ಇತ್ತು, ಅದಕ್ಕೆ ನಿಮ್ಮ ತಂಗಿಯ ಊರೇ ಸಾಕ್ಷಿ. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟಿತೆಂದು ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ 1987ರಲ್ಲಿ ಅದರ ಫುಟ್‌ಬಾಲ್ ಋತುವನ್ನೇ ರದ್ದು ಮಾಡಿತ್ತು. ಬಾಗಿಲು ತೆರೆದದ್ದು 2021ರ ಜುಲೈ 1ರಂದು. ತನ್ನ ಹೆಸರು, ಚಿತ್ರಗಳಿಂದ ಆಟಗಾರ ಹಣ ಗಳಿಸಬಹುದು ಎಂದಾಯಿತು. ಅದನ್ನೇ ಎನ್‌ಐಎಲ್ ಎನ್ನುತ್ತಾರೆ. ಕಾಲೇಜಿನ ಅಭಿಮಾನಿ ಶ್ರೀಮಂತರು ‘ಕಲೆಕ್ಟಿವ್’ ಎಂಬ ಕೂಟ ಕಟ್ಟಿ, ಜಾಹೀರಾತಿನ ಹೆಸರಿನಲ್ಲಿ ಆಟಗಾರರಿಗೆ ದುಡ್ಡು ಸುರಿದರು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ, ಆಟಗಾರರು ಹೂಡಿದ್ದ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದದ ಬಳಿಕ ಕಾಲೇಜುಗಳೇ ನೇರವಾಗಿ ಕೊಡುತ್ತಿವೆ. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಒಂದು ಕಾಲೇಜು ಕೊಡಬಹುದಾದ ಮಿತಿ 2.05 ಕೋಟಿ ಡಾಲರ್. ದೊಡ್ಡ ಕಾಲೇಜುಗಳು ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಫುಟ್‌ಬಾಲಿಗೇ ಎತ್ತಿಡುತ್ತವೆ.

ಮಿತಿ ಬಂದ ಮೇಲೆ ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗಲೇಬೇಕು. ಅಲ್ಲಿಂದ ಹುಟ್ಟುವುದೇ ನೀವು ಕೇಳಿದ ತಾರತಮ್ಯ.

ಹೈಸ್ಕೂಲಿನ ಹುಡುಗನಿಗೆ ಹದಿನೇಳೋ ಹದಿನೆಂಟೋ ವರ್ಷ. ಅವನು ಮಣಿಸಿದ್ದು ತನ್ನದೇ ವಯಸ್ಸಿನವರನ್ನು. ಮೈ ತುಂಬಿಕೊಂಡು ಆಡಲು ಒಂದೆರಡು ವರ್ಷ ಬೇಕು. ಕೋಚ್‌ಗಾದರೋ ಈ ವರ್ಷವೇ ಗೆಲ್ಲಬೇಕು, ಇಲ್ಲವಾದರೆ ಕೆಲಸ ಹೋಗುತ್ತದೆ. ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವವರ ಹೆಸರಿನ ಪಟ್ಟಿ, ಅದರ ಮೂಲಕ ಬರುವವನು ಕಾಲೇಜು ಮಟ್ಟದಲ್ಲೇ ಆಡಿ ತೋರಿಸಿದವನು, ಅವನ ಪಂದ್ಯಗಳ ವಿಡಿಯೊ ಕಣ್ಣಮುಂದಿರುತ್ತದೆ. ಹಿಂದೆ ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. 2021ರಲ್ಲಿ ಆ ಕಟ್ಟು ಒಂದು ಸಲಕ್ಕೆ ಸಡಿಲವಾಯಿತು. 2024ರಿಂದ, ಓದಿನಲ್ಲಿ ಹಿಂದೆ ಬೀಳದಿದ್ದರೆ, ಎಷ್ಟು ಸಲ ಬೇಕಾದರೂ ಹೋಗಬಹುದು. 2026ರ ಜನವರಿಯ ರಾಷ್ಟ್ರೀಯ ಫೈನಲ್ ನೋಡಿ. ಗೆದ್ದ ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿ ನಡೆಸುವವನು) ಫರ್ನಾಂಡೊ ಮೆಂಡೋಜಾ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದವನು, ಸೋತ ಮಯಾಮಿಯ ಕಾರ್ಸನ್ ಬೆಕ್ ಜಾರ್ಜಿಯಾದಿಂದ ಬಂದವನು. ಇದನ್ನು ಕಂಡ ಮೇಲೆ ಯಾವ ಕೋಚ್ ತಾನೇ ಪೂರ್ತಿ ಹಣವನ್ನು, ಹೈಸ್ಕೂಲ್ ಹುಡುಗರು ಸಹಿ ಹಾಕುವ ಡಿಸೆಂಬರಿನಲ್ಲೇ, ಅವರಿಗೆ ಖರ್ಚು ಮಾಡಿಯಾನು? ಜನವರಿಯ ಪೋರ್ಟಲಿಗೆಂದು ಗಂಟು ಉಳಿಸಿಕೊಳ್ಳುತ್ತಾನೆ.

ಅಪವಾದಗಳಿವೆ. 2024ರ ನವೆಂಬರಿನಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ (ಎಲ್‌ಎಸ್‌ಯು) ಬಿಟ್ಟು ಮಿಶಿಗನ್‌ಗೆ ಮನಸ್ಸು ಬದಲಿಸಿದ ಹೈಸ್ಕೂಲ್ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್‌ಗೆ ಒಟ್ಟು ಒಂದು ಕೋಟಿ ಡಾಲರಿಗೂ ಹೆಚ್ಚು ಎಂದು ವರದಿಯಾಗಿತ್ತು. ಅಂಥವರು ಬೆರಳೆಣಿಕೆ.

ನಿಮ್ಮ ಮನೆಯವರಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಜೇಡನ್ ರಶಾದಾ ಎಂಬ ಹುಡುಗನ ಕಥೆ. ಕ್ಯಾಲಿಫೋರ್ನಿಯಾದ ಈ ಕ್ವಾರ್ಟರ್‌ಬ್ಯಾಕ್ 2022ರಲ್ಲಿ ಮೊದಲು ಮಯಾಮಿಗೆ ಬರುತ್ತೇನೆಂದ, ಆಮೇಲೆ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಮಾತು ಕೊಟ್ಟ. ಅಲ್ಲಿನ ಕಲೆಕ್ಟಿವ್ ಜೊತೆ ಆದ ಕರಾರು 1.385 ಕೋಟಿ ಡಾಲರಿನದು. ಡಿಸೆಂಬರಿನಲ್ಲಿ ಆ ಕಡೆಯವರೇ ಕರಾರು ರದ್ದು ಮಾಡಿದರು. ಆದರೂ ಹತ್ತು ಲಕ್ಷ ಡಾಲರ್ ಕೊಡುತ್ತೇವೆಂದು ನಂಬಿಸಿ ತನ್ನಿಂದ ಸಹಿ ಮಾಡಿಸಿಕೊಂಡರು, ಹಣ ಬರಲಿಲ್ಲ ಎಂದು ಅವನು 2024ರ ಮೇ ತಿಂಗಳಲ್ಲಿ ಕೋಚ್ ಬಿಲ್ಲಿ ನೇಪಿಯರ್ ಮತ್ತಿತರರ ವಿರುದ್ಧ ಮೊಕದ್ದಮೆ ಹೂಡಿದ. ಅದು ಅವನ ಆರೋಪ, ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಫ್ಲೋರಿಡಾ ಪರವಾಗಿ ಒಂದೂ ಪಂದ್ಯ ಆಡದೆ ಅವನು ಅರಿಜೋನಾ ಸ್ಟೇಟ್ ಸೇರಿದ, ಅಲ್ಲಿಂದ ಜಾರ್ಜಿಯಾ, ಅಲ್ಲಿಂದ ಸ್ಯಾಕ್ರಮೆಂಟೊ ಸ್ಟೇಟ್. ಚಿಕ್ಕ ವಯಸ್ಸಿನಲ್ಲೇ ಇಷ್ಟು ಅಲೆದಾಟ. ಪೋರ್ಟಲಿನಲ್ಲಿ ಬರುವವನಿಗೆ ಒಂದೆರಡು ವರ್ಷದ ಅನುಭವವಿರುತ್ತದೆ, ಏಜೆಂಟ್ ಇರುತ್ತಾನೆ, ಬೇಡ ಎನ್ನುವ ಧೈರ್ಯವಿರುತ್ತದೆ. ಹೈಸ್ಕೂಲ್ ಹುಡುಗನಿಗೆ ಕಡಿಮೆ ಹಣ ಕೊಟ್ಟರೆ ನನಗೆ ಸಿಟ್ಟಿಲ್ಲ. ಅವನ ಮುಗ್ಧತೆಯನ್ನೂ ಲೆಕ್ಕ ಹಾಕಿ ಕರಾರು ಬರೆಯುವುದನ್ನು ಕಂಡಾಗ ಸಿಟ್ಟು ಬರುತ್ತದೆ.

ಇನ್ನು ಉಳಿದವನ ಗತಿ. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ. ಹೈಸ್ಕೂಲಿನಲ್ಲೇ ಟೆನೆಸಿ ವಿಶ್ವವಿದ್ಯಾಲಯಕ್ಕೆ ಒಪ್ಪಿಕೊಂಡಿದ್ದ ಕ್ವಾರ್ಟರ್‌ಬ್ಯಾಕ್ ನಿಕೊ ಯಾಮಾಲಿಯಾವಾ ತಂಡವನ್ನು ಪ್ಲೇಆಫ್‌ಗೆ ತಲುಪಿಸಿದ ಮೇಲೆ, 2025ರ ಏಪ್ರಿಲಿನಲ್ಲಿ, ಹೆಚ್ಚು ಹಣ ಕೇಳಿದನೆಂದು ವರದಿಯಾಯಿತು. ಒಂದು ದಿನ ಅಭ್ಯಾಸಕ್ಕೆ ಬರಲಿಲ್ಲ, ಮರುದಿನವೇ ಕೋಚ್ ಅವನಿಲ್ಲದೆ ಮುಂದೆ ಸಾಗುವುದಾಗಿ ಹೇಳಿದರು, ಅವನು ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದ. ಅವನನ್ನು ದುರಾಸೆಯವನೆಂದು ಬೈದವರು ಬಹಳ. ನಾನು ಬೈಯಲಾರೆ. ಹೊರಗಿನಿಂದ ಬರುವವನ ಬೆಲೆ ಪ್ರತಿ ಜನವರಿಗೂ ಏರುತ್ತಿದ್ದರೆ, ಒಳಗಿರುವವನು ತನ್ನ ಹಳೆಯ ಕರಾರನ್ನು ತೆಗೆದು ನೋಡುವುದು ಸಹಜ. ಉಳಿದವನಿಗೂ ವರ್ಷಕ್ಕೊಮ್ಮೆ ಬೆಲೆ ಏರುವಂತೆ ಕರಾರಿನಲ್ಲೇ ಬರೆಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನಿಮ್ಮ ಹುಡುಗ ಅಲ್ಲೇ ಹುಟ್ಟಿದವನಾದ್ದರಿಂದ ವೀಸಾದ ತೊಡಕಿಲ್ಲ. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಈ ಹಣದ ದಾರಿ ಬಹುಮಟ್ಟಿಗೆ ಮುಚ್ಚಿದೆ. ತಂಗಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ: ಕೋಚ್ ಬಾಯಲ್ಲಿ ಹೇಳಿದ ಮೊತ್ತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ವಾರದಲ್ಲೇ ಮಂಡಿ ಮುರಿದರೆ ಹಣ ಬರುತ್ತದೆಯೇ, ಕೋಚ್ ಬದಲಾದರೆ ಕರಾರು ನಿಲ್ಲುತ್ತದೆಯೇ, ಹುಡುಗ ತಂಡ ಬಿಟ್ಟರೆ ತಾನೇ ಹಣ ವಾಪಸು ಕಟ್ಟಬೇಕೇ — ಈ ಮೂರಕ್ಕೂ ಉತ್ತರ ಕಾಗದದ ಮೇಲೆ ಸಿಗಬೇಕು. ಕಾಲೇಜಿನವರು ತೋರಿಸಿದ ವಕೀಲರು ಬೇಡ, ನೀವೇ ಗೊತ್ತುಮಾಡಿದ ವಕೀಲರು ಅದನ್ನು ಓದಿದ ಮೇಲೆ ಹುಡುಗ ಪೆನ್ನು ಹಿಡಿಯಲಿ.

— ಸಂಪಾದಕ