ಅಂಗಾಲಿಗೆ ಮಣ್ಣು ಹತ್ತಿದೆಯಾ?

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಡೇಕೇರ್‌ನಲ್ಲಿರುತ್ತಾನೆ. ಗೋಡೆಗೆ ಹಾಕಿರುವ ಊಟದ ಪಟ್ಟಿ ಚೆನ್ನಾಗಿದೆ, ಫೋಟೊಗಳನ್ನೂ ಕಳಿಸುತ್ತಾರೆ. ಮನೆಗೆ ಬಂದರೆ ಊಟ ಬೇಡ; ರಾತ್ರಿ ಹನ್ನೊಂದಾದರೂ ಸೋಫಾ ಮೇಲೆ ಕುಣಿಯುತ್ತಿರುತ್ತಾನೆ. ಅಲ್ಲಿ ಊಟ, ಆಟ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಅಮ್ಮಾ, ಸಂಜೆ ಕರೆತಂದ ಕೂಡಲೇ ಅವನ ಅಂಗಾಲು, ಮೊಣಕಾಲು ನೋಡಿ. ಬೆಳಿಗ್ಗೆ ಹಾಕಿದ ಬಿಳಿ ಸಾಕ್ಸ್ ಹಾಗೇ ಬೆಳ್ಳಗಿದ್ದರೆ ಮಗು ಅಂಗಳಕ್ಕೆ ಇಳಿದಿಲ್ಲ.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ಒಂದು ಕೇಂದ್ರದ ರಿಜಿಸ್ಟರ್‌ನಲ್ಲಿ ದಿನಾ ‘ಹೊರಾಂಗಣ ಆಟ’ ಅಂತ ಬರೆದಿತ್ತು. ಹಿಂದೆ ಹೋಗಿ ನೋಡಿದರೆ ಉಯ್ಯಾಲೆಯ ಹಲಗೆಯನ್ನು ಮೇಲಕ್ಕೆತ್ತಿ ಹಗ್ಗದಿಂದ ಬಿಗಿದಿದ್ದರು, ಸರಪಳಿಗೆ ಜೇಡರ ಬಲೆ. ‘ಬಿದ್ದರೆ ಯಾರು ಹೊಣೆ ಮೇಡಂ, ನಾನೊಬ್ಬಳೇ’ ಅಂದಳು ಕಾರ್ಯಕರ್ತೆ. ಬೈಯಲು ಬಾಯಿ ಬರಲಿಲ್ಲ. ಆದ್ದರಿಂದ ನೀವೂ ಮೊದಲು ಕೇಳಬೇಕಾದ್ದು, ಮಕ್ಕಳು ಅಂಗಳದಲ್ಲಿದ್ದಾಗ ಎಷ್ಟು ಜನ ದೊಡ್ಡವರು ಜೊತೆಗಿರುತ್ತಾರೆ ಅಂತ. ಮೂರು–ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಬೇಕು, ಅದರಲ್ಲಿ 60 ನಿಮಿಷ ಮೈ ಬಿಸಿಯಾಗುವಷ್ಟು ಆಡಬೇಕು, ಟಿವಿ–ಮೊಬೈಲು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಒಂಬತ್ತು ಗಂಟೆ ಅಲ್ಲೇ ಇರುವ ಮಗುವಿಗೆ ಇದರ ಹೆಚ್ಚಿನ ಪಾಲು ಅಲ್ಲೇ ಸಿಗಬೇಕಲ್ಲವೇ? ಮಧ್ಯಾಹ್ನ ಎಷ್ಟು ಹೊತ್ತು ಮಲಗಿಸುತ್ತಾರೆ, ಅದನ್ನೂ ಕೇಳಿ. ರಾತ್ರಿಯ ಕುಣಿತಕ್ಕೆ ಅದೂ ಕಾರಣವಿರಬಹುದು.

ಊಟದ ವಿಷಯಕ್ಕೆ ಪಟ್ಟಿ ಸಾಲದು. ನಾನಿದ್ದಾಗ ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದವರಿಗೆ ದಿನಕ್ಕೆ 500 ಕಿಲೋಕ್ಯಾಲರಿ, 12–15 ಗ್ರಾಂ ಪ್ರೋಟೀನ್ ಅಂತ ಲೆಕ್ಕವಿತ್ತು. ಕಾಗದದಲ್ಲಿ ಅದು ಯಾವತ್ತೂ ಸರಿಯಾಗೇ ಇರುತ್ತಿತ್ತು. ನಾನು ನೋಡುತ್ತಿದ್ದದ್ದು ತೊಳೆಯಲು ಇಟ್ಟ ತಟ್ಟೆಗಳನ್ನು. ಒಂದು ದಿನ ರಜೆ ಹಾಕಿ, ಊಟದ ಹೊತ್ತಿಗೆ ಹೋಗಿ ಮೂಲೆಯಲ್ಲಿ ಕೂರಿ. ಮೊಬೈಲು ತೋರಿಸಿ ತುತ್ತು ತುರುಕುತ್ತಾರೋ, ಮಗು ತಾನೇ ಕಲಸಿ ತಿನ್ನುತ್ತದೋ? ಸಾಕು ಅಂದರೆ ಬಿಡುತ್ತಾರೋ? ನೀರಿನ ಲೋಟ ಅವನ ಕೈಗೆ ಎಟಕುತ್ತದೋ? ಸಂಜೆ ಐದಕ್ಕೆ ಕೊಡುವುದು ಬಾಳೆಹಣ್ಣೋ, ಬಿಸ್ಕತ್ತೋ? ಐದಕ್ಕೆ ನಾಲ್ಕು ಬಿಸ್ಕತ್ತು ತಿಂದ ಮಗುವಿಗೆ ಏಳೂವರೆಗೆ ಅನ್ನ ಸೇರುವುದಿಲ್ಲ.

ಒಳಗೆ ಬಿಡುವುದೇ ಇಲ್ಲ ಅಂದರೆ ಬೇರೆ ಜಾಗ ಹುಡುಕಿ. ಬಿಟ್ಟರೆ ತಪ್ಪು ಹುಡುಕಲು ಬಂದವರಂತೆ ಹೋಗಬೇಡಿ, ಅಡುಗೆಯವರನ್ನೂ ಮಾತಾಡಿಸಿ. ಸಂಜೆಗೆ ನೀವೇ ಡಬ್ಬಿಯಲ್ಲಿ ಬಿಸ್ಕತ್ತು ಹಾಕುತ್ತಿದ್ದರೆ, ನಾಳೆಯಿಂದ ಹುರಿದ ಶೇಂಗಾ ಪುಡಿ ಕಲಸಿದ ಅವಲಕ್ಕಿ ಹಾಕಿ ನೋಡಿ.