ಕೋಟಿ ಅಂತ ಕರೆಸಿಕೊಂಡ ಹುಡುಗನ ತಾಯಿ

(ಗುರುತು ಸಿಗಬಾರದೆಂದು ಉದ್ಯೋಗ, ಮೊತ್ತ, ಮನೆಯವರ ವಿವರ ಬದಲಿಸಿದ್ದೇನೆ. ಬರೆದದ್ದನ್ನು ಆಕೆ ಓದಿ ಒಪ್ಪಿದ್ದಾರೆ.)

ಕೊಪ್ಪಳದ ನನ್ನ ಆಪ್ತಸಲಹೆಯ ಕೋಣೆಯಲ್ಲಿ ಆಕೆ ಮೊದಲ ದಿನ ಕೂತದ್ದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಫೋನ್ ಹನ್ನೊಂದು ಸಲ ಬಡಿದುಕೊಂಡಿತು. ಹನ್ನೊಂದು ಸಲವೂ ಎತ್ತಿದರು. ‘ಎತ್ತಲಿಲ್ಲಂದ್ರ ಓಡಿ ಹೋಗ್ಯಾರ ಅಂತಾರ್ರಿ ಮೇಡಂ’ ಅಂದರು.

ಗಂಡ ಗಂಗಾವತಿ ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್. ಠೇವಣಿದಾರರ ದುಡ್ಡು ನುಂಗಿದ ಆರೋಪ. ಬಂಧನವಾಗಿ ಒಂಬತ್ತು ದಿನ ಆಗಿತ್ತು. ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಒಂದು ಯೂಟ್ಯೂಬ್ ಚಾನೆಲ್‌ನಲ್ಲಿ, ಮರುದಿನ ಪೇಪರ್‌ನಲ್ಲಿ ಅದೇ ಫೋಟೊ. ಯಾರೋ ಆಕೆಯ ಫೇಸ್‌ಬುಕ್‌ನಿಂದ ತೆಗೆದುಕೊಂಡಿದ್ದರು. ಗೃಹಪ್ರವೇಶದ ದಿನದ್ದು. ಗಂಡನ ಪಕ್ಕದಲ್ಲಿ ಆಕೆ, ಮುಂದೆ ಒಂಬತ್ತನೇ ಕ್ಲಾಸಿನ ಮಗ.

ಹುಡುಗ ಶಾಲೆಗೆ ಹೋಗುವುದು ಬಿಟ್ಟಿದ್ದ. ಹೊಟ್ಟೆನೋವು ಅನ್ನುತ್ತಿದ್ದ. ಅಸಲಿಗೆ ಆದದ್ದು ಇಷ್ಟು: ವಿಡಿಯೊದಲ್ಲಿ ‘ಎರಡು ಕೋಟಿ’ ಅಂತ ದೊಡ್ಡ ಅಕ್ಷರದಲ್ಲಿ ಬಂದಿತ್ತು. ಕ್ಲಾಸಿನ ಹುಡುಗರು ಇವನನ್ನು ನೋಡಿ ‘ಏ, ಕೋಟಿ ಬಂದ’ ಅಂದಿದ್ದರು.

ಮೊದಲ ಸಲಹೆಯಲ್ಲೇ ನಾನು ಎಡವಿದೆ. ಕೆಲವು ದಿನ ಹುಡುಗನನ್ನು ಹೊಸಪೇಟೆಯಲ್ಲಿರುವ ಅವನ ಚಿಕ್ಕಮ್ಮನ ಮನೆಗೆ ಕಳಿಸಿ ಅಂದೆ. ಕಳಿಸಿದರು. ಆ ವಿಡಿಯೊ ಅಲ್ಲಿಗೆ ಅವನಿಗಿಂತ ಮೊದಲೇ ಹೋಗಿತ್ತು. ಎರಡೇ ದಿನಕ್ಕೆ ವಾಪಸ್ ಬಂದ. ಊರು ಬಿಟ್ಟರೆ ಸುದ್ದಿ ಬಿಡುತ್ತದೆ ಅನ್ನುವುದು ನಮ್ಮ ಕಾಲದ ಲೆಕ್ಕ, ಈಗ ನಡೆಯುವುದಿಲ್ಲ.

ಎರಡನೇ ಭೇಟಿಗೆ ಎಫ್‌ಐಆರ್ ಪ್ರತಿ ತನ್ನಿ ಅಂದೆ. ಆಕೆ ಅದನ್ನು ಓದಿರಲೇ ಇಲ್ಲ. ವಿಡಿಯೊ ಮಾತ್ರ ಮೂವತ್ತು ನಲವತ್ತು ಸಲ ನೋಡಿದ್ದರು. ಕೆಲವು ಸೂಕ್ಷ್ಮ ಪ್ರಕರಣ ಬಿಟ್ಟರೆ ಎಫ್‌ಐಆರ್ ಅನ್ನು ಪೊಲೀಸ್ ವೆಬ್‌ಸೈಟ್‌ಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಆಕೆಯ ತಮ್ಮ ತೆಗೆದುಕೊಟ್ಟ, ವಕೀಲರು ಸಾಲು ಸಾಲಾಗಿ ಬಿಡಿಸಿ ಹೇಳಿದರು. ಅದರಲ್ಲಿದ್ದದ್ದು 38 ಲಕ್ಷ. ಆರೋಪಿಗಳು ಮೂವರು. 38 ಲಕ್ಷ ಏನು ಸಣ್ಣದಲ್ಲ. ಆದರೂ ಆಕೆ ಅವತ್ತು ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡಿದರು. ಎಷ್ಟು ದೊಡ್ಡದು ಅಂತ ಗೊತ್ತಿಲ್ಲದ ಭಯಕ್ಕಿಂತ ಅಳತೆ ಸಿಕ್ಕ ಭಯ ವಾಸಿ.

ಫೋನಿನ ವಿಷಯಕ್ಕೆ ಜಾಸ್ತಿ ಸಮಯ ಹಿಡಿಯಿತು. ಇನ್ನು ಮೇಲೆ ಮಾತಾಡುವುದು ತಮ್ಮ ಒಬ್ಬನೇ ಅಂತ ತೀರ್ಮಾನ ಮಾಡಿದೆವು. ಅಕಸ್ಮಾತ್ ಆಕೆಯೇ ಎತ್ತಿದರೆ ಒಂದೇ ಮಾತು: ‘ಕೇಸು ಕೋರ್ಟಿನಾಗ ಐತ್ರಿ, ವಕೀಲರನ್ನ ಕೇಳ್ರಿ.’ ಸುಲಭ ಅನಿಸುತ್ತದೆ, ಅಲ್ವಾ? ನಾನೇ ವರದಿಗಾರಳಾಗಿ ಎದುರು ಕೂತೆ. ಆಕೆ ಆ ಮಾತು ಹೇಳಿದರು, ನಿಲ್ಲಿಸಲಿಲ್ಲ. ‘ನಮ್ಮನಿಯವ್ರು ಹಾಂಗಲ್ರಿ, ಆ ಸೆಕ್ರೆಟರಿನ…’ ಅಂತ ಶುರುವಾಯಿತು. ಅದೇ ಮಾತು ನಾಳೆ ಇನ್ನೊಂದು ಸುದ್ದಿ, ಕೋರ್ಟಿನಲ್ಲಿ ಇನ್ನೊಂದು ತಲೆನೋವು. ಆರು ಸಲ ಅಭ್ಯಾಸ ಮಾಡಿಸಿದೆ. ಏಳನೇ ಸಲ ಹೇಳಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಕೈ ನಡುಗುತ್ತಿತ್ತು.

ಆಗ ಒಂದು ಮಾತು ಹೊರಗೆ ಬಂತು. ‘ಮೇಡಂ, ಖರೇ ಹೇಳ್ಲಿ? ಅವ್ರು ಮಾಡಿರಬೌದು ಅನಸ್ತದ.’

ನನಗೆ ಈ ಪ್ರಕರಣ ಅರ್ಥವಾದದ್ದು ಅವಾಗಲೇ. ದಿನಕ್ಕೆ ನಲವತ್ತು ಜನಕ್ಕೆ ಗಂಡನ ಪರ ಉತ್ತರ ಕೊಟ್ಟು ಕೊಟ್ಟು ಆಕೆಗೆ ತನ್ನದೇ ಅನುಮಾನ ಇಟ್ಟುಕೊಳ್ಳಲು ಜಾಗ ಇರಲಿಲ್ಲ. ಹೊರಗಿನವರು ಬೈದಷ್ಟೂ ಒಳಗಿನ ಪ್ರಶ್ನೆ ಗಂಟಲಲ್ಲೇ ಉಳಿದಿತ್ತು. ಅವನು ಮಾಡಿದ್ದಾನಾ ಇಲ್ಲವಾ ಅಂತ ಇವತ್ತು ನೀವು ತೀರ್ಮಾನ ಮಾಡಬೇಕಿಲ್ಲ ಅಂದೆ. ಗೊತ್ತಿಲ್ಲ ಅನ್ನುವುದು ದ್ರೋಹವಲ್ಲ. ಜೈಲಿಗೆ ಹೋಗಿ ಊಟ ಆಯ್ತಾ ಅಂತ ಕೇಳಬಹುದು, ಅನುಮಾನವನ್ನೂ ಜೊತೆಗೆ ಇಟ್ಟುಕೊಳ್ಳಬಹುದು. ಆಕೆ ತುಂಬ ಹೊತ್ತು ಅತ್ತರು. ನಾನು ಸುಮ್ನೆ ಕೂತೆ.

ಮಗನಿಗೆ ಏನು ಹೇಳುವುದು ಅನ್ನುವ ಪ್ರಶ್ನೆಗೂ ಅಲ್ಲೇ ದಾರಿ ಸಿಕ್ಕಿತು. ‘ನಿಮ್ಮಪ್ಪ ಏನೂ ಮಾಡಿಲ್ಲ’ ಅನ್ನಬೇಡಿ ಅಂದೆ. ನಾಳೆ ಹೆಚ್ಚುಕಮ್ಮಿ ಆದರೆ ಅವನು ನಿಮ್ಮನ್ನೂ ನಂಬುವುದಿಲ್ಲ. ಆಕೆ ಹೇಳಿದ್ದು: ‘ಅಪ್ಪನ ಮ್ಯಾಲೆ ಕೇಸ್ ಆಗೈತಿ. ಕೋರ್ಟು ನೋಡ್ತದ. ನಂಗೂ ಪೂರ್ತಿ ಗೊತ್ತಿಲ್ಲ. ಹೊಸ ಸುದ್ದಿ ಏನೇ ಬಂದ್ರೂ ಮೊದಲು ನಾನೇ ನಿನಗ ಹೇಳ್ತೀನಿ.’ ಕ್ಲಾಸ್ ಟೀಚರ್ ಹತ್ತಿರ ಸೋದರಮಾವ ಹೋಗಿ ಮಾತಾಡಿದ. ಅಡ್ಡಹೆಸರು ಒಂದೇ ದಿನಕ್ಕೆ ನಿಲ್ಲಲಿಲ್ಲ. ಟೀಚರ್ ಹುಡುಗನನ್ನು ಮೊದಲ ಬೆಂಚಿಗೆ ತಂದು ಕೂರಿಸಿದರು, ಅಷ್ಟು ಸಾಕಾಯಿತು.

ವಿಡಿಯೊದಲ್ಲಿ ಹುಡುಗನ ಮುಖ ಇದ್ದದ್ದಕ್ಕೆ ಚಾನೆಲ್‌ನವರಿಗೆ ಪತ್ರ ಬರೆಸಿದೆ, ಯೂಟ್ಯೂಬ್‌ಗೆ ಖಾಸಗಿತನದ ದೂರನ್ನೂ ಹಾಕಿಸಿದೆ. ಅದಕ್ಕೂ ಮೊದಲು ದಿನಾಂಕ, ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರು. ನಾಳೆ ವಕೀಲರಿಗೆ ಬೇಕಾಗಬಹುದು. ಚಾನೆಲ್‌ನವರು ಮುಖ ಮಸುಕು ಮಾಡಿದರು. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವುದನ್ನು ಯಾರೂ ತಡೆಯಲಾಗಲಿಲ್ಲ. ಊರಿನ ಗುಂಪುಗಳಿಂದ ಹೊರಗೆ ಬನ್ನಿ ಅಂತ ನಾನು ಹೇಳಲಿಲ್ಲ, ‘ಲೆಫ್ಟ್’ ಅಂತ ಬಂದರೆ ಅದೂ ಸುದ್ದಿಯೇ. ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳಿದೆವು. ರಾತ್ರಿ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಅಂದೆ. ಎರಡು ಸಲ ಮಾಡಿದ್ದರಂತೆ. ವಕೀಲರ ಫೀಸಿಗೆ ಒಡವೆ ಮಾರಲು ಹೊರಟಿದ್ದರು. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ, 15100ಕ್ಕೆ ಕೇಳಿ ಅಂದ ಮೇಲೆ ಬಳೆ ಉಳಿದವು.

ಸುದ್ದಿ ಮತ್ತೆ ಬರುತ್ತದೆ ಅನ್ನುವುದನ್ನು ಮುಚ್ಚಿಡಲಿಲ್ಲ. ಆರೋಪಿ ಒಳಗಿದ್ದರೆ ಪ್ರಕರಣ ನೋಡಿಕೊಂಡು 60 ಇಲ್ಲವೇ 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕಬೇಕು, ಹಾಕದಿದ್ದರೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಜಾಮೀನು, ಚಾರ್ಜ್‌ಶೀಟ್, ವಿಚಾರಣೆ, ತೀರ್ಪು, ಪ್ರತಿ ಸಲವೂ ಅದೇ ಫೋಟೊ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆ ದಿನಗಳಿಗೆ ಗುರುತು ಹಾಕಿದರು. ಆ ದಿನ ಟಿವಿ ಇಲ್ಲ, ಹುಡುಗನನ್ನು ಶಾಲೆಯಿಂದ ಕರೆತರುವುದು ಸೋದರಮಾವ, ಅಡುಗೆ ಪಕ್ಕದ ಮನೆಯವರದು.

ಒಂದು ಕಡೆ ಮಾತ್ರ ಬಾಯಿ ಮುಚ್ಚಿಕೊಳ್ಳಿ ಅನ್ನಲು ನನಗೆ ಆಗಲಿಲ್ಲ. ಓಣಿಯ ಹೂವಿನಾಕೆಯ ದುಡ್ಡೂ ಅದೇ ಸಂಘದಲ್ಲಿತ್ತು. ಈಕೆ ಅವಳ ಮುಂದೆ ಹಾಯುವುದನ್ನೇ ಬಿಟ್ಟಿದ್ದರು. ಹೂವಿನಾಕೆಯ ಸಿಟ್ಟು ಟಿವಿ ಹುಟ್ಟಿಸಿದ್ದಲ್ಲ, ಖರೇ ಸಿಟ್ಟು. ದುಡ್ಡು ಕೊಡಿಸುತ್ತೇನೆ ಅನ್ನಬೇಡಿ, ಗಂಡನನ್ನು ಸಮರ್ಥಿಸಲೂ ಬೇಡಿ, ‘ನಿಮ್ಮ ದುಡ್ಡು ಸಿಕ್ಕಿಬಿದ್ದೈತಿ ಅಂತ ನಂಗ ಗೊತ್ತೈತಿ’ ಅಷ್ಟೇ ಹೇಳಿ ಅಂದೆ. ಹೇಳಿದರಂತೆ. ಹೂವಿನಾಕೆ ಉತ್ತರ ಕೊಡಲಿಲ್ಲ. ಮೊಳ ಅಳೆದು ಹೂವು ಕೊಟ್ಟು ದುಡ್ಡು ಎಣಿಸಿಕೊಂಡಳು.

ಚಾರ್ಜ್‌ಶೀಟ್ ಹಾಕಿದ ದಿನ ಸಂಜೆ ಫೋನ್ ಬಂತು. ‘ಮತ್ತ ಬಂದೈತ್ರಿ ಮೇಡಂ. ನಾ ನೋಡಿಲ್ಲ, ತಮ್ಮ ನೋಡ್ಯಾನ.’ ಆಮೇಲೆ ಅತ್ತೆಯ ವಿಷಯ ತೆಗೆದರು. ಅತ್ತೆಗೆ ಓದಲು ಬರುವುದಿಲ್ಲ. ಮೊದಲ ದಿನದ ಪೇಪರ್‌ನಿಂದ ಮಗನ ಫೋಟೊ ಕತ್ತರಿಸಿ ಹಾಸಿಗೆ ಕೆಳಗೆ ಇಟ್ಟುಕೊಂಡಿದ್ದಾರೆ, ಗೃಹಪ್ರವೇಶದ್ದು ಚಲೋ ಬಂದೈತಿ ಅಂತ. ತೆಗೆದು ಬಿಸಾಕಲಾ ಅಂತ ಕೇಳಿದರು.

ಇರಲಿ ಬಿಡಿ ಅಂದೆ.