ವಯಸ್ಸಾದಂತೆ ಬಿಪಿ ಭಯ ಹೆಚ್ಚುತ್ತಿದೆ, ದೇವರ ಮೇಲೆ ಭಾರ ಹಾಕಿದರೆ ಸಾಕೇ?

ಭಾರ ಹಾಕಿ, ಆದರೆ ಮಾತ್ರೆ ಬಿಡಬೇಡಿ. ಹೆದರಿಕೊಂಡು ಮತ್ತೆ ಮತ್ತೆ ಬಿಪಿ ನೋಡಿಕೊಂಡರೆ ಆ ಹೆದರಿಕೆಗೇ ಅಂಕಿ ಏರುತ್ತದೆ. ಏರಿದ್ದು ಕಂಡು ಹೆದರಿಕೆ ಇನ್ನಷ್ಟು. ಇದನ್ನು ಮುರಿಯಲು ಜಪ ನಿಜಕ್ಕೂ ನೆರವಾಗುತ್ತದೆ. ಬೆಳಿಗ್ಗೆ ಕಾಫಿ, ಮಾತ್ರೆಗಳಿಗೆ ಮೊದಲು, ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಕೂತು 5 ನಿಮಿಷ ಮನಸ್ಸಿನಲ್ಲೇ ನಾಮ ಜಪಿಸಿ. ಅಳೆಯುವಾಗ ತುಟಿ ಅಲ್ಲಾಡಬಾರದು, ಮಾತಾಡಿದರೆ ಅಂಕಿ ಏರುತ್ತದೆ. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆ ಸರಿಸಿದ ಬರಿದಾದ ತೋಳಿಗೆ ಸುತ್ತಿ, ಅದು ಎದೆಯ ಮಟ್ಟದಲ್ಲಿರಲಿ. 1 ನಿಮಿಷ ಬಿಟ್ಟು 2 ಸಲ ನೋಡಿ, ಬರೆದಿಟ್ಟು, ಯಂತ್ರ ಎತ್ತಿಡಿ, ಸಂಜೆವರೆಗೆ ಮುಟ್ಟಬೇಡಿ. ಬರೆದದ್ದನ್ನು ವೈದ್ಯರಿಗೆ ತೋರಿಸಿ.

ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಅಂಕಿ ಎಷ್ಟೇ ಇರಲಿ, ಹರಕೆ ಆಮೇಲೆ, ಮೊದಲು 108ಕ್ಕೆ ಕರೆ ಮಾಡಿ.